ಚೆಕ್ಕು ತಂದವರು ಯಾರು?

1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. 1925ರಲ್ಲಿ ಅದೇ ಊರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇನ್ನೊಂದು ಬ್ಯಾಂಕು ತೆರೆದರು; ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದಲ್ಲಿ ನೆಲೆಯೂರಿದ್ದು ಅದೇ. ಆ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿಗೆ ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡರು.

ಕಟ್ಟುವುದು ಸುಲಭ; ತೆಗೆಯುವಾಗ ಬಂದವರು ಯಾರೆಂಬುದೇ ತಕರಾರು.

ಚೆಕ್ಕುಗಳಿಗೆ ಅನ್ವಯಿಸುವ 1881ರ ಕಾಯ್ದೆಯ ಪ್ರಕಾರ, ಬೇರರ್ ಚೆಕ್ಕು ತಂದವರಿಗೆ ಸದ್ಭಾವದಿಂದ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರಿತು. ಅದು ಬೀದಿಯಲ್ಲಿ ಬಿದ್ದು ಸಿಕ್ಕಿದ್ದೇ ಇರಬಹುದು, ಕೇಳುವವರಾರು? ಆರ್ಡರ್ ಚೆಕ್ಕಿಗಾದರೆ ಹೆಸರೂ ಗುರುತೂ ಬೇಕು. ಖಾತೆದಾರರ ಸಹಿ ಬ್ಯಾಂಕಿನಲ್ಲಿರುವ ಮಾದರಿಗೆ ತಾಳೆಯಾಗದಿದ್ದರೆ ಚೆಕ್ಕಿನೊಂದಿಗೆ ಕಾರಣ ನಮೂದಿಸಿದ ಮೆಮೊ ವಾಪಸು ಬರುತ್ತದೆ. ಕಾರಣ ಗೊತ್ತಾದರೆ ತಾನೇ ತಿದ್ದಿಕೊಳ್ಳುವುದು!

ಅಂತರ್ಜಾಲವೂ ಇದೇ ದಾರಿ ಹಿಡಿದಿದೆ. 2012ರ ಆರ್‌ಎಫ್‌ಸಿ 6750 ಎಂಬ ಮಾನದಂಡ ವಿವರಿಸುವ ಬೇರರ್ ಟೋಕನ್ (ಆ್ಯಪ್ ಸರ್ವರ್‌ಗೆ ತೋರಿಸುವ ಅನುಮತಿಚೀಟಿ) ಕದ್ದವರ ಕೈಯಲ್ಲೂ ನಡೆಯುತ್ತದೆ. 2023ರ ಆರ್‌ಎಫ್‌ಸಿ 9449, ಅಂದರೆ ಡಿಪಾಪ್, ಟೋಕನ್ನನ್ನು ಆ್ಯಪ್‌ನ ಕೀಲಿಗೆ ಕಟ್ಟಿಹಾಕಿತು; ಪ್ರತಿ ಕೋರಿಕೆಗೂ ಹೊಸ ಸಹಿ ಬೇಕು. ಅಂಥ ಟೋಕನ್ನನ್ನು ಬೇರರ್ ಎಂದು ಕೊಟ್ಟರೆ ಡಿಪಾಪ್ ಬಲ್ಲ ಸರ್ವರ್ ಒಪ್ಪುವಂತಿಲ್ಲ. ಕೀಲಿ ತಾಳೆಯಾಗದಿದ್ದರೆ ನಿರಾಕರಣೆಯ 401 ಉತ್ತರದಲ್ಲಿ ‘ಇನ್‌ವ್ಯಾಲಿಡ್ ಟೋಕನ್’ ಎಂಬ ಕಾರಣ ಬರುತ್ತದೆ. ಸಹಿಯೇ ಕೆಟ್ಟಿದ್ದರೆ ‘ಇನ್‌ವ್ಯಾಲಿಡ್ ಡಿಪಾಪ್ ಪ್ರೂಫ್’.