ಬಲ್ಮಠದ ಮಗ್ಗ, ಬಿಕರ್ನಕಟ್ಟೆಯ ಹೊಲಿಗೆ ಮಿಷನ್

ಬಿಕರ್ನಕಟ್ಟೆಯ ಕೈಕಂಬದಲ್ಲಿ ಬಸ್ಸು ಹತ್ತಿ ಬಟ್ಟೆ ತರಲು ಮಂಗಳೂರು ಪೇಟೆಗೆ ಹೊರಟವರು ನಂತೂರು, ಮಲ್ಲಿಕಟ್ಟೆ ದಾಟಿ ಜ್ಯೋತಿಯಲ್ಲಿ ಇಳಿಯುವಷ್ಟರಲ್ಲಿ ಬಲ್ಮಠದ ಗುಡ್ಡದ ಪಕ್ಕದಿಂದ ಹಾದಿರುತ್ತಾರೆ. ನಮ್ಮ ಮನೆಯ ಹೆಂಗಸರು ಮೂರು ತಲೆಮಾರು ಹೀಗೆ ಹಾದುಹೋದವರು. ಅಲ್ಲಿಂದ ಹಂಪನಕಟ್ಟೆಗೆ ನಡೆದು ಅವರು ತರುತ್ತಿದ್ದದ್ದು ಮದ್ರಾಸಿನ, ಮುಂಬಯಿಯ, ಅಹಮದಾಬಾದಿನ ಗಿರಣಿ ಬಟ್ಟೆ. ಒಂದು ಕಾಲದಲ್ಲಿ ಸಮುದ್ರದಾಚೆಗೂ ಹೋಗುತ್ತಿದ್ದ ಬಟ್ಟೆಯನ್ನು ಇದೇ ಗುಡ್ಡದ ಮೇಲೆ ನೇಯುತ್ತಿದ್ದರು ಎಂದು ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಆಯುಷ್ಯದ ಬಹುಪಾಲು ಕತ್ತರಿ, ಟೇಪು ಹಿಡಿದೇ ಕಳೆದ ನನಗೆ ಇದು ಗೊತ್ತಾಗುವ ಹೊತ್ತಿಗೆ ಕೂದಲು ಹಣ್ಣಾಗಿತ್ತು.

ಕ್ರೈಸ್ತ ಮತ ಸಾರುವ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮಾತು ಕೇಳಿ ಮತ ಬದಲಿಸಿದವರಲ್ಲಿ ಬಿಲ್ಲವರು ಬಹಳ. ಹಾಗೆ ಬದಲಿಸಿದ ಮರುದಿನವೇ ಅವರ ಹೊಟ್ಟೆಪಾಡು ಕೈಬಿಟ್ಟುಹೋಗುತ್ತಿತ್ತು. ಕಳ್ಳು ಇಳಿಸುವ ಮೂರ್ತೆಯ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ, ಗೇಣಿಯ ಮನೆಯಿಂದಲೂ ಹೊರಬೀಳಬೇಕಾಗುತ್ತಿತ್ತು. ಇವರಿಗೊಂದು ಕೆಲಸ ಬೇಕು ಎಂಬ ಒತ್ತಡದಿಂದಲೇ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಎರಡೂ ಹುಟ್ಟಿದವು. ನೇಯ್ಗೆಗೆಂದು 1851ರಲ್ಲಿ ಬಂದವನು ಜಾನ್ ಹಾಲರ್, ಕಸುಬು ಕಲಿತ ನೇಕಾರ. ಬಲ್ಮಠದಲ್ಲಿ ಅವನು ಹೂಡಿದ ಮಗ್ಗಗಳಲ್ಲಿ ಲಾಳಿಯನ್ನು ಕೈಯಿಂದ ಕೈಗೆ ಎಸೆಯಬೇಕಾಗಿರಲಿಲ್ಲ. ಹಗ್ಗವೊಂದನ್ನು ಜಗ್ಗಿದರೆ ಲಾಳಿ ತಾನೇ ಆ ಬದಿಗೆ ಹಾರುತ್ತಿತ್ತು. ಇಂಗ್ಲೆಂಡಿನ ಜಾನ್ ಕೇ 1733ರಲ್ಲೇ ಕಂಡುಹಿಡಿದಿದ್ದ ಈ ಉಪಾಯ ನೇಯ್ಗೆಯ ವೇಗವನ್ನು ಹೆಚ್ಚಿಸಿತು ಎಂದು ಪುಸ್ತಕಗಳು ಬರೆಯುತ್ತವೆ. ಹೊಲಿಯುವವಳಾದ ನನಗೆ ವೇಗಕ್ಕಿಂತ ದೊಡ್ಡದಾಗಿ ಕಾಣುವುದು ಅಗಲ. ಕೈಯಿಂದ ಲಾಳಿ ಎಸೆಯುವ ನೇಕಾರನ ಬಟ್ಟೆ ಅವನ ತೋಳು ಚಾಚಿದಷ್ಟೇ ಅಗಲ. ಲಾಳಿ ಹಾರತೊಡಗಿದ ಮೇಲೆ ಒಬ್ಬನೇ ಕುಳಿತು ಅದಕ್ಕಿಂತ ಅಗಲವಾದ ಬಟ್ಟೆ ನೇಯಬಹುದಾಯಿತು. ಬಟ್ಟೆಯ ಅಗಲ ಬದಲಾದರೆ ಕತ್ತರಿಸುವ ರೀತಿ ಬದಲಾಗುತ್ತದೆ, ಎಷ್ಟು ಕೊಳ್ಳಬೇಕೆಂಬ ಲೆಕ್ಕ ಬದಲಾಗುತ್ತದೆ. ಹೊಲಿಗೆಯ ಚರಿತ್ರೆ ಅರ್ಧ ಅಲ್ಲೇ ಇದೆ.

ಹಾಲರ್ ಹೆಸರು ಈಗ ಕೇಳಿಬರುವುದು ಖಾಕಿಯ ಕಾರಣಕ್ಕೆ. ಬಲ್ಮಠದಲ್ಲಿ ಅವನು ಗೇರು ಜಾತಿಯ ಮರವೊಂದರ ರಸದಿಂದ ಈ ಬಣ್ಣ ತೆಗೆದ, ಮೊದಲು ಇಲ್ಲಿನ ಪೊಲೀಸರು ತೊಟ್ಟರು, ಆಮೇಲೆ ಸೇನಾಧಿಪತಿ ರಾಬರ್ಟ್ಸ್ ಮೆಚ್ಚಿ ಸೈನ್ಯಕ್ಕೆ ಒಯ್ದ ಎಂದು ಮಂಗಳೂರಿನವರು ಅಭಿಮಾನದಿಂದ ಹೇಳುತ್ತಾರೆ. ಹಾಲರ್ ಇಲ್ಲಿಗೆ ಬರುವ ಮೊದಲೇ, 1840ರ ದಶಕದ ಕೊನೆಗೆ, ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ತನ್ನ ಗೈಡ್ಸ್ ಪಡೆಗೆ ಮಣ್ಣು ಬಣ್ಣದ ಬಟ್ಟೆ ತೊಡಿಸಿದ್ದನೆಂದು ಸೈನ್ಯದ ಚರಿತ್ರೆಕಾರರು ಬರೆದಿದ್ದಾರೆ. ಯಾರು ಮೊದಲು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಬಲ್ಮಠದ ಹೆಸರಿಗೆ ಸಮವಸ್ತ್ರದ ಬಣ್ಣವೊಂದೇ ಉಳಿದು ಉಳಿದದ್ದೆಲ್ಲ ಅಳಿಸಿಹೋದದ್ದಕ್ಕೆ ಬೇಸರವಿದೆ. ಅಲ್ಲಿ ಗೀಟು ಬಟ್ಟೆ, ಚೌಕಳಿ ಬಟ್ಟೆ, ಮೇಜಿನ ಹಾಸು, ಒರಸುವ ಬಟ್ಟೆ ಎಲ್ಲ ತಯಾರಾಗುತ್ತಿದ್ದವು. ಮಗ್ಗದ ಮುಂದೆ ಗಂಡಸರು ಕುಳಿತರೆ ನೂಲು ಸುತ್ತುವ ಕೆಲಸ ಹೆಂಗಸರದು. ತಿಂಗಳ ಕೊನೆಗೆ ಕೂಲಿಯನ್ನು ತಮ್ಮ ಕೈಯಲ್ಲೇ ಎಣಿಸಿಕೊಂಡ ಈ ಊರಿನ ಮೊದಲ ಹೆಂಗಸರಲ್ಲಿ ಅವರೂ ಇದ್ದಿರಬೇಕು. ಅವರೊಬ್ಬರ ಹೆಸರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಸಂಸ್ಥೆಯೆಂದು ಬ್ರಿಟಿಷರು ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡರು; ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಮಿಶನ್ ಬರುವುದಕ್ಕೆ ಎಷ್ಟೋ ಮುಂಚಿನಿಂದ ಇಲ್ಲಿ ನೇಯುತ್ತಿದ್ದವರು ಪದ್ಮಶಾಲಿಗಳು, ಅಂದರೆ ನಮ್ಮ ಶೆಟ್ಟಿಗಾರರು. ಅವರು ನೇಯ್ದದ್ದು ಸೀರೆ, ಮುಂಡು, ಬೈರಾಸು. ಯಾವುದಕ್ಕೂ ಸೂಜಿ ತಾಗಬೇಕಾಗಿಲ್ಲ. ಮಗ್ಗದಿಂದ ಇಳಿಸಿ ನೇರ ಮೈಗೆ ಸುತ್ತಿಕೊಳ್ಳುವಂಥವು. ಗದ್ದೆಯಲ್ಲಿ ದುಡಿಯುವ ಹೆಂಗಸರಿಗೆ ರವಿಕೆ ಎಂಬುದು ತಡವಾಗಿ ಬಂದ ಉಡುಪು. ನನ್ನ ಅಜ್ಜಿಯ ಅಮ್ಮ ರವಿಕೆ ತೊಟ್ಟವರಲ್ಲ. ಅಜ್ಜಿ ತೊಟ್ಟದ್ದು ಮದುವೆಯ ಮೇಲೆ. ಕುಲಶೇಖರದ ಕೊರ್ಡೆಲ್ ಇಗರ್ಜಿ 1873ರಲ್ಲಿ ಎದ್ದ ಮೇಲೆ ಸುತ್ತಮುತ್ತಲ ಗುಡ್ಡಗಳಲ್ಲಿ ಕೊಂಕಣಿ ಮಾತನಾಡುವ ಕ್ರೈಸ್ತರ ಮನೆಗಳು ಹೆಚ್ಚಿದವು. ಅವರಲ್ಲಿ ಹಳೆಯ ಹೆಂಗಸರು ಕಿರ್ಗಿ ಸುತ್ತಿ ಮೇಲೆ ಬಾಜು ತೊಡುತ್ತಿದ್ದರು. ಬಾಜು ಹೊಲಿದೇ ಆಗಬೇಕಾದ ಉಡುಪು, ಅದನ್ನು ಮನೆಯಲ್ಲೇ ಕೈಯಿಂದ ಹೊಲಿಯುತ್ತಿದ್ದರು. ಮಂಗಳೂರಿನಲ್ಲಿ 1870ರಲ್ಲಿ ನೆಲೆಯಾದ ಸಂತ ಆನ್ನರ ಕಾನ್ವೆಂಟಿನಂಥ ಕಡೆಗಳಲ್ಲಿ ಹುಡುಗಿಯರಿಗೆ ಅಕ್ಷರದ ಜೊತೆ ಸೂಜಿ ಕೆಲಸವನ್ನೂ ಕಲಿಸಿದರು. ನಮ್ಮ ಬೀದಿಗೆ ಹೊಲಿಗೆ ಬಂದದ್ದು ಆ ದಾರಿಯಲ್ಲಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನನಗೆ ಕಲಿಸಿದವರು ಪಕ್ಕದ ಮನೆಯ ಬಾಯಮ್ಮ. ಅವರ ಜಗಲಿಯಲ್ಲಿ ಕಾಲಲ್ಲಿ ತುಳಿಯುವ ಸಿಂಗರ್ ಮಿಷನ್ ಇತ್ತು, ಕಪ್ಪು ಮೈಗೆ ಚಿನ್ನದ ಬಣ್ಣದ ಬಳ್ಳಿ. ಸಿಂಗರ್ ಕಂಪನಿ 1850ರ ದಶಕದಲ್ಲೇ ಅಮೆರಿಕದಲ್ಲಿ ಕಂತಿನ ಮೇಲೆ ಮಿಷನ್ ಮಾರಲು ಶುರುಮಾಡಿತ್ತು. ಬಡವರ ಮನೆಗಳಿಗೂ ಮಿಷನ್ ಹೊಕ್ಕದ್ದು ಈ ಕಂತಿನಿಂದಲೇ. ನಮ್ಮ ಮನೆಗೆ ಬಂದದ್ದು ಉಷಾ. 1930ರ ದಶಕದಲ್ಲಿ ಕೋಲ್ಕತ್ತದಲ್ಲಿ ತಯಾರಾಗತೊಡಗಿದ ಸ್ವದೇಶಿ ಮಿಷನ್. ಬಿಕರ್ನಕಟ್ಟೆ, ಕುಲಶೇಖರ, ಮರೋಳಿಯ ಎಷ್ಟೋ ಮನೆಗಳಲ್ಲಿ ಹೆಂಗಸರ ಸ್ವಂತ ದುಡ್ಡಿನ ದಾರಿ ಎರಡೇ: ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವುದು, ಇಲ್ಲವೇ ಮಿಷನ್ ತುಳಿಯುವುದು. ಹೊಗೆಸೊಪ್ಪಿನ ಘಾಟು ತಡೆಯದವರು ಮಿಷನ್ನಿಗೆ ಬಂದರು.

ಬಾಯಮ್ಮ ಮೊದಲ ದಿನವೇ ಬಟ್ಟೆ ಕೈಗೆ ಕೊಡುತ್ತಿರಲಿಲ್ಲ. ಉದಯವಾಣಿಯ ಹಾಳೆ ಹರಡಿ, ಎದೆ ಸುತ್ತಳತೆಯ ನಾಲ್ಕರಲ್ಲೊಂದು ಭಾಗ, ಅದರ ಮೇಲೆ ಹೊಲಿಗೆಗೂ ಉಸಿರಾಟಕ್ಕೂ ಒಂದೂವರೆ ಇಂಚು ಎಂದು ಗೆರೆ ಎಳೆಸುತ್ತಿದ್ದರು. ಕಾಗದ ಕತ್ತರಿಸಿ, ಮೈಗೆ ಹಿಡಿದು, ಕಂಕುಳ ಹತ್ತಿರ ಎಲ್ಲಿ ಎಳೆಯುತ್ತದೆ ನೋಡಿ, ಮತ್ತೆ ಹೊಸ ಹಾಳೆ. ಕ್ರಾಸ್ ಕಟ್ ಬ್ಲೌಸು ಬಂದಾಗ ಅವರು ಬಟ್ಟೆಯನ್ನು ಓರೆಯಾಗಿ ಮಡಚಿ ಎರಡು ಮೂಲೆ ಹಿಡಿದು ಜಗ್ಗಿ ತೋರಿಸಿದರು. ಹಾಸಿನ ಉದ್ದಕ್ಕೆ ಜಗ್ಗಿದರೆ ಬಟ್ಟೆ ಬಗ್ಗುವುದಿಲ್ಲ, ಹೊಕ್ಕಿನ ಕಡೆ ಸ್ವಲ್ಪ ಬಿಡುತ್ತದೆ, ಓರೆಗೆ ಜಗ್ಗಿದರೆ ಮೈಗೆ ತಕ್ಕಂತೆ ಬಾಗುತ್ತದೆ. ಕುತ್ತಿಗೆಗೆ ಕೂರಿಸುವ ಪೈಪಿಂಗ್ ಪಟ್ಟಿಯನ್ನು ಓರೆಯಲ್ಲೇ ಕತ್ತರಿಸಬೇಕಾದದ್ದು ಇದೇ ಕಾರಣಕ್ಕೆ. ಮಗ್ಗವನ್ನು ಕಣ್ಣಲ್ಲಿ ನೋಡದ ನನಗೆ ಹಾಸು ಯಾವುದು, ಹೊಕ್ಕು ಯಾವುದು ಎಂದು ಬೆರಳು ಕಲಿತದ್ದು ಹೀಗೆ.

ಇನ್ನು ಬಟ್ಟೆ ಕೊಳ್ಳುವ ವಿದ್ಯೆ. ಅದು ಹೊಲಿಗೆಗಿಂತ ಕಷ್ಟದ್ದು. ಹಂಪನಕಟ್ಟೆಯಿಂದ ರಥಬೀದಿಯವರೆಗೆ ಅಂಗಡಿ ಸಾಲು. 1956ರವರೆಗೆ ನಮ್ಮದು ಮದ್ರಾಸ್ ರಾಜ್ಯದ ಜಿಲ್ಲೆ. 1907ರಲ್ಲಿ ರೈಲು ಬಂದ ಮೇಲೆ ಮದ್ರಾಸಿನ ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಂ, ಕರ್ನಾಟಿಕ್ ಮಿಲ್ಲುಗಳ ಬಟ್ಟೆಗೆ ದಾರಿ ಸುಲಭವಾಯಿತು. ಬಿನ್ನಿ ಬಟ್ಟೆ ಎಂದರೆ ಹರಿಯುವುದಿಲ್ಲ ಎಂಬ ನಂಬಿಕೆ ನಮ್ಮ ತಂದೆಯ ಕಾಲದಲ್ಲೂ ಗಟ್ಟಿಯಾಗಿತ್ತು. ಆ ಮಿಲ್ಲುಗಳು ಖಾಕಿ ಡ್ರಿಲ್ಲಿಗೂ ಹೆಸರಾಗಿದ್ದವು. ಮಂಗಳೂರು ತನ್ನದೆಂದು ಹೇಳಿಕೊಳ್ಳುವ ಬಣ್ಣ ಹಾಗೆ ಮದ್ರಾಸಿನಿಂದ ಬಂದು ನಮ್ಮ ಹುಡುಗರ ಶಾಲೆಯ ಚಡ್ಡಿಯಾಯಿತು.

ಬ್ಲೌಸಿಗೆ ನಾವು ಕೇಳುತ್ತಿದ್ದದ್ದು ಟೂ ಬೈ ಟೂ. ಹಾಸು, ಹೊಕ್ಕು ಎರಡರಲ್ಲೂ ಎರಡೆಳೆ ಹೊಸೆದ ನೂಲು ಹಾಕಿದ ತೆಳು ಬಟ್ಟೆ ಅದು. ತೆಳುವಾದರೂ ಕಂಕುಳಲ್ಲಿ ಬೇಗ ಪಿಸಿಯುವುದಿಲ್ಲ. ಕರಾವಳಿಯ ಬೆವರಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ನಾನು ಕಂಡಿಲ್ಲ. ಟೆರಿಲಿನ್ ಬಂದಾಗ ಇಸ್ತ್ರಿ ಬೇಡವೆಂದು ಊರೆಲ್ಲ ಅದಕ್ಕೆ ಬಿತ್ತು, ಏಪ್ರಿಲ್ ತಿಂಗಳಲ್ಲಿ ಬೆನ್ನೆಲ್ಲ ಬೆವರುಸಾಲೆ. ಸೀರೆಗೆ ಹೊಂದುವ ಬಣ್ಣವನ್ನು ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಆರಿಸಬಾರದು. ತುಂಡನ್ನು ಸೀರೆಯ ಸಮೇತ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯಬೇಕು. ನಮ್ಮ ಅಮ್ಮ ಹಾಗೆ ಬಾಗಿಲಲ್ಲಿ ನಿಂತಾಗ ಅಂಗಡಿಯವರು, "ನಿಧಾನ ನೋಡಿ ಅಕ್ಕ," ಎನ್ನುತ್ತಿದ್ದರು. ಅವರಿಗೂ ಗೊತ್ತಿತ್ತು, ಬಣ್ಣ ಹೊಂದದಿದ್ದರೆ ನಾಳೆ ಮತ್ತೆ ಬರುವವರೇ.

ಅಗಲ ಕೇಳದೆ ಉದ್ದ ಹೇಳಬಾರದು. 36 ಇಂಚಿನ ಬಟ್ಟೆಯಲ್ಲಿ ಬ್ಲೌಸಿಗೆ ಒಂದು ಗಜ ಬೇಕಾಗುತ್ತಿತ್ತು, ತೋಳು ಮೊಣಕೈವರೆಗೆ ಬೇಕಿದ್ದರೆ ಇನ್ನೂ ಸ್ವಲ್ಪ. 44 ಇಂಚಿನದ್ದು ಬಂದ ಮೇಲೆ 80 ಸೆಂಟಿಮೀಟರಿನಲ್ಲಿ ಮುಗಿಯಿತು. ಒಳಲಂಗದ ಪಾಪ್ಲಿನ್ನನ್ನು ಆರು ತುಂಡು ಮಾಡುವಾಗ ಒಂದರ ತಲೆ ಮೇಲೆ, ಮುಂದಿನದರ ತಲೆ ಕೆಳಗೆ ಇಟ್ಟು ಗೆರೆ ಹಾಕಿದರೆ ಚೂರೂ ಪೋಲಾಗುವುದಿಲ್ಲ. 1958ರ ಅಕ್ಟೋಬರಿನಿಂದ ದೇಶದಲ್ಲಿ ಮೆಟ್ರಿಕ್ ಅಳತೆ ಹಂತಹಂತವಾಗಿ ಜಾರಿಗೆ ಬಂತು. ಗಜವೆಂದರೆ 91.44 ಸೆಂಟಿಮೀಟರು. ಈಗಲೂ ಕೆಲವು ಅಂಗಡಿಗಳು 90 ಸೆಂಟಿಮೀಟರಿನ ಬ್ಲೌಸ್ ತುಂಡು ಇಡುತ್ತವಲ್ಲ, ಅದು ಹಳೆಯ ಗಜದ ಲೆಕ್ಕವೇ ಎಂದು ನನ್ನ ಊಹೆ. ಅಜ್ಜಿ ಕೊನೆಯವರೆಗೂ ಗಜದಲ್ಲೇ ಕೇಳಿದರು, ಅಂಗಡಿಯವರು ಮೀಟರಿನಲ್ಲಿ ಹರಿದುಕೊಟ್ಟರು.

ಬಟ್ಟೆಗೆ ಬರ ಬಂದ ಕಾಲವನ್ನು ಅಜ್ಜಿ ನೆನೆಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹರಿದು, ಬೆಲೆ ಏರಿ, 1943ರಲ್ಲಿ ಸರಕಾರ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ತಂದಿತು. ಆಗ ಹರಿದ ಸೀರೆಯ ಗಟ್ಟಿ ಭಾಗ ಮಗಳ ಲಂಗವಾಯಿತು, ಲಂಗ ಹರಿದರೆ ತಲೆದಿಂಬಿನ ಚೀಲ, ಅದೂ ಹರಿದರೆ ಬಾಣಂತಿ ಮನೆಗೆ ಮೆತ್ತನೆಯ ತುಂಡು. ಇದೇ ಊರಿನಲ್ಲಿ ಕಾರ್ನಾಡ್ ಸದಾಶಿವರಾಯರು ಆಸ್ತಿಯನ್ನೆಲ್ಲ ಚಳವಳಿಗೆ ಸುರಿದು ಖಾದಿ ಉಟ್ಟರು. 1903ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯ ಬಂದ ಮೇಲೆ ದೇಶದ ಕೈಮಗ್ಗ, ಕರಕುಶಲದವರ ಬೆನ್ನಿಗೆ ನಿಂತರು. ಅವರ ಬಗ್ಗೆ ಪುಸ್ತಕಗಳಿವೆ, ಇರಲೇಬೇಕು. ಸೀರೆಯನ್ನು ಲಂಗ ಮಾಡಿದವರ ಬಗ್ಗೆ ಇಲ್ಲ.

ಆದರೆ ಅವರೂ ಬರೆದಿಟ್ಟಿದ್ದಾರೆ. ಹೊಲಿಯುವ ಪ್ರತಿ ಮನೆಯಲ್ಲೂ ಒಂದು ಅಳತೆ ಪುಸ್ತಕವಿರುತ್ತದೆ. ಬಾಯಮ್ಮನದ್ದು ಈಗ ನನ್ನ ಬಳಿ ಇದೆ, ಉದ್ದದ ಲೆಕ್ಕದ ಪುಸ್ತಕ. ಎದೆ, ಸೊಂಟ, ಭುಜ, ತೋಳುದ್ದ, ಕುತ್ತಿಗೆಯ ಆಳ ಹಿಂದೆ ಮುಂದೆ, ತಾರೀಕು, ಮೂಲೆಯಲ್ಲಿ ಗುಂಡುಸೂಜಿಯಿಂದ ಚುಚ್ಚಿದ ಬಟ್ಟೆಯ ಚೂರು. ಮಳೆಗಾಲದ ತೇವಕ್ಕೆ ಸೂಜಿಗಳೆಲ್ಲ ತುಕ್ಕು ಹಿಡಿದು ಚೂರುಗಳ ಸುತ್ತ ಕಂದು ಕಲೆ. ಮೊದಲ ಪುಟಗಳಲ್ಲಿ ತೋಳು ಮೊಣಕೈ ಮುಟ್ಟುತ್ತದೆ, ನಡುವೆ ಬುಗ್ಗೆ ತೋಳು, ಆಮೇಲೆ ಗೇಣಿಗಿಂತ ಗಿಡ್ಡ. ಒಂದೇ ಹೆಂಗಸಿನ ಸೊಂಟ ವರ್ಷದಿಂದ ವರ್ಷಕ್ಕೆ ಏರುತ್ತದೆ, ಹೆರಿಗೆಗಳು ಎಲ್ಲೆಲ್ಲಿ ಎಂದು ಲೆಕ್ಕ ಹಾಕಬಹುದು. ಒಬ್ಬಾಕೆಯ ಎದೆ ಸುತ್ತಳತೆ ಎರಡು ವರ್ಷದಲ್ಲಿ ನಾಲ್ಕು ಇಂಚು ಇಳಿದಿದೆ. ಅದರ ಪಕ್ಕದಲ್ಲಿ ಬಾಯಮ್ಮ "ಕೂಲಿ ಬೇಡ" ಎಂದು ಕನ್ನಡದಲ್ಲಿ ಬರೆದಿದ್ದಾರೆ. ಬಿಕರ್ನಕಟ್ಟೆಯ ಬೇರೆ ಯಾವ ದಾಖಲೆಯಲ್ಲಿ ಇದು ಸಿಕ್ಕೀತು? ಇಂಥ ಪುಸ್ತಕಗಳನ್ನು ಮನೆ ಖಾಲಿ ಮಾಡುವಾಗ ಗುಜರಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ.

ಜನವರಿಯ ಬಾಲಯೇಸು ಹಬ್ಬಕ್ಕೆ ಕಾರ್ಮೆಲ್ ಹಿಲ್ಲಿಗೆ ಹೋಗಲು ಹೊಸ ಬಟ್ಟೆ ಬೇಕೆಂದು ಬಾಯಮ್ಮನ ಜಗಲಿಯಲ್ಲಿ ಡಿಸೆಂಬರಿಡೀ ದೀಪ ಆರುತ್ತಿರಲಿಲ್ಲ. ಈಗ ಹಬ್ಬದ ಉಡುಪು ಮಾಲ್‌ಗಳಿಂದ ಬರುತ್ತದೆ. ಕೈಕಂಬದ ಆಸುಪಾಸಿನ ಹೊಲಿಗೆಯವರಿಗೆ ಉಳಿದದ್ದು ಆಲ್ಟರೇಶನ್, ಸೀರೆಗೆ ಫಾಲ್, ನೈಟಿ, ಮದುವೆ ಬ್ಲೌಸು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ಕೈಬಿಡುವ ಹಂತಕ್ಕೆ ಬಂದಿದ್ದ ಆ ನೇಯ್ಗೆಗೆ ಕದಿಕೆ ಟ್ರಸ್ಟಿನವರು ಹೆಗಲು ಕೊಟ್ಟ ಮೇಲೆ ಹೊಸ ಕೈಗಳೂ ಮಗ್ಗ ಹಿಡಿದಿವೆ. ನಾನು ಅಲ್ಲಿಂದ ಸೀರೆ ತರುತ್ತೇನೆ, ಬ್ಲೌಸು ನಾನೇ ಹೊಲಿಯುತ್ತೇನೆ.

ಕಳೆದ ಆಟಿ ತಿಂಗಳ ಮಳೆಯಲ್ಲಿ ಎದುರು ಮನೆಯ ಹುಡುಗಿ, ಇಂಜಿನಿಯರಿಂಗ್ ಓದುವವಳು, ಕೆಂಪು ಹತ್ತಿ ಬಟ್ಟೆ ತಂದು, "ಆಂಟಿ, ನನಗೆ ಟಾಪ್ ಹೊಲಿಯಲು ಕಲಿಸಿ," ಎಂದಳು.

"ಮೊದಲು ನೀರಿಗೆ ಹಾಕು ಮಾರಾಯ್ತಿ," ಎಂದೆ. "ಕೆಂಪು ಬಣ್ಣ ಬಿಡುತ್ತದಾ ನೋಡಬೇಕು. ಕುಗ್ಗುವುದೂ ಈಗಲೇ ಕುಗ್ಗಲಿ."

ಬಟ್ಟೆ ಬಣ್ಣ ಬಿಟ್ಟಿತು, ಸ್ವಲ್ಪ ಕುಗ್ಗಿತು ಕೂಡ. ಆ ಮಳೆಯಲ್ಲಿ ಒಣಗಲು ದಿನಗಳೇ ಬೇಕಾದವು. ಅಷ್ಟರಲ್ಲಿ ಅವಳು ಕಾಗದದ ಮೇಲೆ ಕಂಕುಳ ಸುತ್ತು ಎಳೆಯುವುದನ್ನು ಕಲಿತಿದ್ದಳು.