ಕಾಯುವ ಕೋಣೆಯ ಮಾತು

1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರ ಬಳಿಗೆ ಹುಟ್ಟಿನಿಂದಲೇ ಕಣ್ಣಪೊರೆಯಿದ್ದ ಕೂಸುಗಳು ಒಂದರ ಹಿಂದೊಂದು ಬಂದವು. ಬಸುರಿನಲ್ಲಿ ತಮಗೆ ರುಬೆಲ್ಲಾ ಬಂದಿತ್ತೆಂದು ತಾಯಂದಿರು ತಮ್ಮತಮ್ಮಲ್ಲೇ ಆಡಿಕೊಂಡದ್ದು ಅವರ ಕಿವಿಗೆ ಬಿತ್ತಂತೆ. ಹೆಂಗಸರ ಹರಟೆ ಎಂದು ತಳ್ಳಿಹಾಕುವುದು ಸುಲಭವಿತ್ತು. ಗ್ರೆಗ್ ಎಣಿಸಲು ಕುಳಿತರು. ಸಹವೈದ್ಯರಿಂದಲೂ ವಿವರ ತರಿಸಿ ಕೂಡಿಸಿದ 78 ಮಕ್ಕಳಲ್ಲಿ 68 ಮಕ್ಕಳ ತಾಯಂದಿರಿಗೆ ಆ ಸೋಂಕು ತಗುಲಿತ್ತು, ಹೆಚ್ಚಾಗಿ ಬಸುರಿನ ಮೊದಲ ತಿಂಗಳುಗಳಲ್ಲಿ. ಅಂಗಗಳು ರೂಪುಗೊಳ್ಳುವ ಹೊತ್ತೂ ಅದೇ. ಹಲವು ಕೂಸುಗಳ ಹೃದಯದಲ್ಲೂ ದೋಷವಿತ್ತು.

ಹುಟ್ಟುದೋಷವೆಂದರೆ ವಂಶದ್ದೇ ಎಂದು ಬಹುಮಂದಿ ನಂಬಿದ್ದ ಕಾಲ. 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪುರಾವೆ ಸಾಲದೆಂದಿತು. 1964-65ರ ಅಮೆರಿಕದ ಪಿಡುಗಿನಲ್ಲಿ ಸುಮಾರು 20,000 ಮಕ್ಕಳು ಈ ದೋಷಗಳೊಂದಿಗೆ ಹುಟ್ಟಿದರು; ಅಲ್ಲಿ ಲಸಿಕೆ ಬಂದದ್ದು 1969ರಲ್ಲಿ. ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಗಲು 2017ರ ಫೆಬ್ರವರಿ ಬರಬೇಕಾಯಿತು.