ಕಹಳೆಯ ದನಿ

ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪಾಠಮಾಡುವಾಗಲೆಲ್ಲ ನನಗೊಂದು ಅಳುಕು. ಜೀವದ ಇಷ್ಟದಂತೆ, ಅನುಕೂಲವಾದ ಗಾಳಿಯಿಂದ, ನಾಭಿಮೂಲದಲ್ಲಿ ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆಂದು ಹದಿಮೂರನೆಯ ಶತಮಾನದ ಆ ವೈಯಾಕರಣ ಹೇಳಿದ. ಇಷ್ಟವೂ ಉಂಟು, ಗಾಳಿಯೂ ಉಂಟು. ಮಾತು ಮಾತ್ರ ಹೊರಡದಿದ್ದರೆ? ಉಗ್ಗುವ ಹುಡುಗನೊಬ್ಬನನ್ನು ತರಗತಿಯಲ್ಲಿ ಎಬ್ಬಿಸಿ, ‘ನಿಧಾನವಾಗಿ ಓದಪ್ಪ’ ಎಂದಿದ್ದೆ. ಮರುದಿನ ಅವನು ಬರಲಿಲ್ಲ.

ನನ್ನ ಎಂ.ಎ. ಕಲಿಸದ ಆ ವಿದ್ಯೆ ಮೈಸೂರಿನಲ್ಲಿಯೇ ಇತ್ತು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಾನ್ಯತೆಯೊಡನೆ ಎಂ.ಎಸ್‌ಸಿ. ತರಗತಿ ತೆರೆಯಿತು, ಬಿ.ಎಸ್‌ಸಿ. ಬಂದದ್ದು ಆಮೇಲೆ! ಕಲಿಸುವವರೇ ಇಲ್ಲದ ವಿದ್ಯೆಗೆ ಮೊದಲು ಗುರುಗಳು ಬೇಕಷ್ಟೆ. ಗಂಟಲು-ಕಿವಿಗಳ ರಚನೆ, ಧ್ವನಿಯ ಭೌತಶಾಸ್ತ್ರ, ಮನಶ್ಶಾಸ್ತ್ರ, ಭಾಷಾಶಾಸ್ತ್ರ—ಇವನ್ನೆಲ್ಲ ಓದಿ, ರೋಗಿಯ ಎದುರು ಕುಳಿತು ಕಲಿಯಬೇಕಾದ ಶಿಕ್ಷಣವಿದು. ಇಂಗ್ಲಿಷಿನ ಪದಪಟ್ಟಿ ಹಿಡಿದು ನಮ್ಮ ಮಗುವಿನ ಳಕಾರ ಣಕಾರಗಳನ್ನು ಅಳೆಯುವುದೆಂತು? ಕನ್ನಡದ್ದೇ ಉಚ್ಚಾರಣಾ ಪರೀಕ್ಷೆಯೊಂದು 1972ರಲ್ಲಿ ಸಿದ್ಧವಾಯಿತು. ಕನ್ನಡ ಎಂ.ಎ.ಗಳಾದ ನಮಗೆ ಈ ಸಂಗತಿ ತಿಳಿಯದೆ ಹೋದದ್ದು ಸೋಜಿಗವೇ ಸರಿ.

ಹುಡುಗ ಮೂರನೆಯ ದಿನ ಬಂದ. ಅವನಿಗೆ ಸಂಸ್ಥೆಯ ದಾರಿ ಹೇಳಿದೆ. ಓದಲು ಯಾರನ್ನೂ ಹೆಸರು ಹಿಡಿದು ಎಬ್ಬಿಸುವುದನ್ನು ಅಂದೇ ಬಿಟ್ಟೆ.